ಪೂರ್ಣಾಂಕ ಬಂದರೆ ಹಾರ್ವರ್ಡ್ ಸೀಟು ಖಚಿತವೇ?

ಪ್ರಶ್ನೆ: ಅಮೆರಿಕದಲ್ಲಿರುವ ಅಣ್ಣನ ಮಗಳು ಓದಿನಲ್ಲಿ ಶಾಲೆಗೇ ಮೊದಲು. ಹಾರ್ವರ್ಡ್ ಸಿಗುವ ಸಾಧ್ಯತೆ ಇಂತಿಷ್ಟೇ ಎಂದು ಮೊದಲೇ ಲೆಕ್ಕ ಹಾಕಬಹುದೆ?

ಉತ್ತರ: ಸಿಇಟಿ ರ‍್ಯಾಂಕ್ ಕೇಳಿ, ಹಿಂದಿನ ವರ್ಷದ ಕಟಾಫ್ ನೋಡಿ, ಯಾವ ಕಾಲೇಜು ಸಿಗುತ್ತದೆಂದು ಹೇಳಬಲ್ಲವರು ನಮ್ಮಲ್ಲಿ ಬೀದಿಗೊಬ್ಬರಿದ್ದಾರೆ. ಹಾರ್ವರ್ಡ್‌ಗೆ ಆ ಲೆಕ್ಕ ನಡೆಯದು; ಅಲ್ಲಿ ಕಟಾಫ್ ಎಂಬುದೇ ಇಲ್ಲ.

ಅದರ ಆಯ್ಕೆಯ ಒಳಗುಟ್ಟು ಹೊರಬಿದ್ದದ್ದು ಅದರ ಪ್ರವೇಶ ಪದ್ಧತಿಯನ್ನು ಪ್ರಶ್ನಿಸಿದ ಮೊಕದ್ದಮೆ 2018ರಲ್ಲಿ ಬಾಸ್ಟನ್‌ನ ಫೆಡರಲ್ ಕೋರ್ಟಿನಲ್ಲಿ ವಿಚಾರಣೆಗೆ ಬಂದಾಗ. ಒಂದು ವರ್ಷ ಅರ್ಜಿ ಹಾಕಿದ ಸುಮಾರು 26,000 ಅಮೆರಿಕನ್ ವಿದ್ಯಾರ್ಥಿಗಳಲ್ಲಿ 8,000ಕ್ಕೂ ಹೆಚ್ಚು ಮಂದಿಯ ಶಾಲಾ ಗ್ರೇಡಿನಲ್ಲಿ ಎಳ್ಳಷ್ಟೂ ಕೊರತೆಯಿರಲಿಲ್ಲ. ಎಸ್‌ಎಟಿ ಎಂಬ ಪ್ರವೇಶ ಪರೀಕ್ಷೆಯ ಗಣಿತದಲ್ಲಿ ಪೂರ್ಣಾಂಕ ಪಡೆದವರೇ 3,400. ಸೀಟುಗಳೋ, ಹೆಚ್ಚುಕಡಿಮೆ 1,600! ಅಂಕ ಹೊಸ್ತಿಲವರೆಗೆ ಕರೆದೊಯ್ಯುತ್ತದೆ, ಅಷ್ಟೆ. ಆಮೇಲೆ ಓದು, ಪಠ್ಯೇತರ ಚಟುವಟಿಕೆ, ಕ್ರೀಡೆ, ವ್ಯಕ್ತಿತ್ವ ಎಂದು ಬೇರೆ ಬೇರೆ ಶ್ರೇಣಿ ಕೊಡುತ್ತಾರೆ. ಕೊನೆಗೆ ಸುಮಾರು 40 ಜನರ ಸಮಿತಿ ಮತ ಹಾಕುತ್ತದೆ. ಹಳೆಯ ವಿದ್ಯಾರ್ಥಿಗಳ ಮತ್ತು ಅಧ್ಯಾಪಕರ ಮಕ್ಕಳು, ಕೋಚ್‌ಗಳು ಆರಿಸಿದ ಆಟಗಾರರು, ದೊಡ್ಡ ದಾನಿಗಳ ಕಡೆಯವರು ಇವರಿಗೆಲ್ಲ ಅವಕಾಶ ಹೆಚ್ಚು. (ವಶೀಲಿ ನಮ್ಮೂರಿನ ಸೊತ್ತೇನಲ್ಲ.)

2024ರಲ್ಲಿ ಅಲ್ಲಿ ಪ್ರವೇಶ ಸಿಕ್ಕಿದ್ದು ಶೇ. 3.6ರಷ್ಟು ಅರ್ಜಿದಾರರಿಗೆ. ಅದೂ ಈ ನಂಟಿನವರನ್ನು ಸೇರಿಸಿದ ಸರಾಸರಿ. ಉಳಿದವರ ಪಾಲು ಇನ್ನೂ ಕಡಿಮೆ. ಶುಲ್ಕ ಪಡೆದು "ಶೇ. 60 ಸಾಧ್ಯತೆ" ಎನ್ನುವ ಸಲಹೆಗಾರರ ಮಾತು ಬರೀ ಊಹೆ. ಹುಡುಗಿ ಖಂಡಿತ ಅರ್ಜಿ ಹಾಕಲಿ, ಜೊತೆಗೆ ಅವಳಿರುವ ರಾಜ್ಯದ ವಿಶ್ವವಿದ್ಯಾಲಯಕ್ಕೂ ತಪ್ಪದೆ ಹಾಕಲಿ.