ಮನೆ ಬದಲಿಸ್ತಿದ್ದೀರಾ? ಹಳೇ ಊರು ಬಿಡೋ ಮೊದಲೇ ಮುಗಿಸಬೇಕಾದ ಕೆಲಸಗಳಿವು

ಶಿವಮೊಗ್ಗ: ಮನೆ ಮುಂದೆ ಗಾಡಿ ಬಂದು ನಿಂತ ಮೇಲೆ ‘ಗ್ಯಾಸ್ ಸಿಲಿಂಡರ್ ಏನು ಮಾಡೋದು?’ ಅನ್ನೋ ಪ್ರಶ್ನೆ ಬರುತ್ತೆ. ಹೊಸ ಮನೆ ಸೇರಿ ವಾರ ಆದ ಮೇಲೆ ಮಗಳ ಟಿಸಿ ನೆನಪಾಗುತ್ತೆ. ತಿಂಗಳು ಕಳೆದು ಕರೆಂಟ್ ಬಿಲ್ ಕೈಗೆ ಬಂದಾಗ ಗೃಹಜ್ಯೋತಿ ಹಳೇ ಮನೆಯಲ್ಲೇ ಉಳಿದುಬಿಟ್ಟಿದೆ ಅಂತ ಗೊತ್ತಾಗುತ್ತೆ. ಆಮೇಲೆ ಒಂದೊಂದು ಕೆಲಸಕ್ಕೂ ಒಂದೊಂದು ದಿನ ರಜೆ ಹಾಕಿ, ಬಸ್ ಹತ್ತಿ ಹಳೇ ಊರಿಗೆ ಓಡಬೇಕು.

ಮಕ್ಕಳ ಓದು, ಕೆಲಸ, ಆಸ್ಪತ್ರೆ ಅಂತ ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬ ಕಡೆಯಿಂದ ಶಿವಮೊಗ್ಗಕ್ಕೆ ಮನೆ ಮಾಡುವವರು ಪ್ರತಿ ವರ್ಷ ಇದ್ದೇ ಇರುತ್ತಾರೆ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ 60 ಕಿ.ಮೀ. ಆಸುಪಾಸು. ದೂರ ಏನಲ್ಲ ನಿಜ. ಆದರೆ ದಿನಗೂಲಿಯವರಿಗೆ, ಅಂಗಡಿ ಬಾಗಿಲು ಹಾಕಿ ಹೋಗಬೇಕಾದವರಿಗೆ ಒಂದು ಓಡಾಟ ಅಂದರೆ ಒಂದು ದಿನದ ದುಡಿಮೆ ಹೋದ ಹಾಗೆ.

ಸಾಮಾನು ಸಾಗಿಸೋದು ಒಂದು ದಿನದ ಕೆಲಸ. ಮನೆ ಬದಲಿಸೋದು ಒಂದು ತಿಂಗಳ ಕೆಲಸ. ಇಲ್ಲಿ ಒಂದೇ ಲೆಕ್ಕ ಇಟ್ಟುಕೊಳ್ಳಿ: ಹಳೇ ಊರಲ್ಲೇ ಆಗಬೇಕಾದ ಕೆಲಸ ಮೊದಲು, ಎಲ್ಲಿ ಬೇಕಾದರೂ ಆಗುವ ಕೆಲಸ ಆಮೇಲೆ.

ಒಂದು ತಿಂಗಳು ಮುಂಚೆ: ದಿನ ಮತ್ತು ದುಡ್ಡು

ಮೊದಲು ದಿನ ಗೊತ್ತು ಮಾಡಿ. ಶಾಲೆ ಶುರುವಾಗೋ ಮೊದಲು, ಅಂದರೆ ಮೇ ತಿಂಗಳಲ್ಲಿ, ಬಾಡಿಗೆ ಮನೆಗೂ ಗಾಡಿಗೂ ಬೇಡಿಕೆ ಜಾಸ್ತಿ. ಆಷಾಢದಲ್ಲಿ ಮನೆ ಬದಲಿಸೋದು ಬೇಡ ಅನ್ನುವವರು ಹೆಚ್ಚು. ಹಾಗಾಗಿ ಶ್ರಾವಣ ಬಂದ ಕೂಡಲೇ ಮತ್ತೆ ನೂಕುನುಗ್ಗಲು. ಅನಿವಾರ್ಯ ಇದ್ದವರು ಆಷಾಢಕ್ಕೆ ಮೊದಲೇ ಒಳ್ಳೆ ದಿನ ನೋಡಿ ಹೊಸ ಮನೆಯಲ್ಲಿ ಹಾಲು ಉಕ್ಕಿಸಿಟ್ಟು, ಸಾಮಾನನ್ನು ಆಮೇಲೆ ಸಾಗಿಸೋದೂ ಇದೆ. ಮಲೆನಾಡಿನ ಮಳೆ ಮಾತ್ರ ಯಾವ ಪಂಚಾಂಗವನ್ನೂ ಕೇಳಲ್ಲ. ಜೂನ್‌ನಿಂದ ಸೆಪ್ಟೆಂಬರ್ ನಡುವೆ ಹೊರಡುವುದಾದರೆ ಟಾರ್ಪಾಲ್ ಇರುವ ಗಾಡಿಯನ್ನೇ ಮಾತಾಡಿ.

ಎರಡನೇದು ದುಡ್ಡು. ಇಲ್ಲೇ ತುಂಬಾ ಜನ ಸಿಕ್ಕಿಹಾಕಿಕೊಳ್ಳೋದು. ಹೊಸ ಮನೆಯ ಅಡ್ವಾನ್ಸ್ ಮೊದಲು ಕೊಡಬೇಕು, ಹಳೇ ಮನೆಯ ಅಡ್ವಾನ್ಸ್ ಬೀಗದ ಕೈ ಕೊಟ್ಟ ಮೇಲೆ ಬರುತ್ತೆ. ಉದಾಹರಣೆಗೆ ಹೊಸ ಮನೆಗೆ ಅಡ್ವಾನ್ಸ್ 50,000 ರೂ., ಮೊದಲ ತಿಂಗಳ ಬಾಡಿಗೆ 8,000 ರೂ., ಗಾಡಿ ಮತ್ತು ಹಮಾಲಿ 7,000 ರೂ., ಕರಾರು ಪತ್ರ, ಪ್ಲಂಬರ್, ಎಲೆಕ್ಟ್ರಿಷಿಯನ್ ಅಂತ 3,000 ರೂ. ಇಟ್ಟುಕೊಳ್ಳಿ. ಒಟ್ಟು 68,000 ರೂ. ಹಳೇ ಮನೆಯಿಂದ 30,000 ರೂ. ಬರಬೇಕಿದ್ದರೂ ಆ ದಿನ ಅದು ಕೈಯಲ್ಲಿ ಇರಲ್ಲ. ಪೇಂಟಿಂಗ್ ಖರ್ಚು ಅಂತ ಅದರಲ್ಲೂ ಒಂದಿಷ್ಟು ಹಿಡಿದುಕೊಳ್ಳಬಹುದು. ‘ಅಡ್ವಾನ್ಸ್ ಬರುತ್ತಲ್ಲ’ ಅಂತ ನಂಬಿಕೊಂಡು ಹೊರಡಬೇಡಿ. ಪೂರ್ತಿ ಮೊತ್ತ ಮೊದಲೇ ಹೊಂದಿಸಿಕೊಳ್ಳಿ.

ಹಳೇ ಕರಾರು ಪತ್ರ ತೆಗೆದು ಓದಿ. ಎಷ್ಟು ದಿನ ಮುಂಚೆ ಹೇಳಬೇಕು, ಪೇಂಟಿಂಗ್‌ಗೆ ಎಷ್ಟು ಹಿಡಿಯುತ್ತಾರೆ ಅನ್ನೋದು ಅದರಲ್ಲೇ ಇರುತ್ತೆ. ಮನೆ ಖಾಲಿ ಮಾಡುವ ವಿಷಯವನ್ನು ಬಾಯಲ್ಲಿ ಹೇಳೋದರ ಜತೆಗೆ ವಾಟ್ಸಾಪ್‌ನಲ್ಲೂ ಒಂದು ಮೆಸೇಜ್ ಹಾಕಿ. ನಾಳೆ ‘ನೀವು ಹೇಳಲೇ ಇಲ್ಲ’ ಅನ್ನೋ ಮಾತು ಬಂದರೆ ತಾರೀಖು ನಿಮ್ಮ ಹತ್ತಿರ ಇರುತ್ತೆ.

ಹಳೇ ಊರಲ್ಲೇ ಮುಗಿಸಬೇಕಾದ್ದು

ಶಾಲೆ: ಟಿಸಿಗೆ ಒಂದು ವಾರ ಮುಂಚೆಯೇ ಮುಖ್ಯ ಶಿಕ್ಷಕರಿಗೆ ಅರ್ಜಿ ಕೊಡಿ. ಮಗುವಿನ ಎಸ್‌ಎಟಿಎಸ್ ಸಂಖ್ಯೆ ಬರೆದುಕೊಳ್ಳಿ, ಹೊಸ ಶಾಲೆಯಲ್ಲಿ ಅದನ್ನೇ ಮೊದಲು ಕೇಳೋದು. ಟಿಸಿಯಲ್ಲಿ ಹೆಸರು, ಹುಟ್ಟಿದ ತಾರೀಖು, ಜಾತಿ ಕಾಲಂ ಸರಿ ಇದೆಯಾ ಅಂತ ಅಲ್ಲೇ ನಿಂತು ಓದಿ. ತಪ್ಪಿದ್ದರೆ ತಿದ್ದಿಸೋಕೆ ಮತ್ತೆ ಅದೇ ಶಾಲೆಗೆ ಬರಬೇಕಾಗುತ್ತೆ.

ಗ್ಯಾಸ್: ಅದೇ ಊರಲ್ಲಿ ಮನೆ ಬದಲಿಸಿದರೆ ವಿಳಾಸ ಬದಲಿಸಿದರೆ ಸಾಕು, ಅಥವಾ ಇನ್ನೊಂದು ಏಜೆನ್ಸಿಗೆ ವರ್ಗಾಯಿಸಿಕೊಂಡರಾಯ್ತು. ಸಿಲಿಂಡರ್ ವಾಪಸ್ ಕೊಡಬೇಕಿಲ್ಲ. ಬೇರೆ ಊರಿಗೆ ಹೋಗುವುದಾದರೆ ಸಿಲಿಂಡರ್, ರೆಗ್ಯುಲೇಟರ್ ಎರಡನ್ನೂ ಏಜೆನ್ಸಿಗೆ ಒಪ್ಪಿಸಿ ಟಿವಿ ಚೀಟಿ ಪಡೆಯಬೇಕು. ಕನೆಕ್ಷನ್ ಪಡೆದಾಗ ಕಟ್ಟಿದ್ದ ಠೇವಣಿ ವಾಪಸ್ ಸಿಗುತ್ತೆ. ಹೊಸ ಊರಿನ ಏಜೆನ್ಸಿಗೆ ಆ ಚೀಟಿ ತೋರಿಸಿದರೆ ಕನೆಕ್ಷನ್ ಮುಂದುವರಿಯುತ್ತೆ. ಆದರೆ ಠೇವಣಿ ಈಗಿನ ದರದಲ್ಲಿ ಕಟ್ಟಬೇಕು. ಹದಿನೈದು ಇಪ್ಪತ್ತು ವರ್ಷ ಹಳೇ ಕನೆಕ್ಷನ್ ಆಗಿದ್ದರೆ ವಾಪಸ್ ಬರೋದು ಕಡಿಮೆ, ಕಟ್ಟೋದು ಜಾಸ್ತಿ. ನಡುವೆ ಒಂದೆರಡು ದಿನ ಮನೆಯಲ್ಲಿ ಗ್ಯಾಸ್ ಇರಲ್ಲ ಅನ್ನೋದೂ ಲೆಕ್ಕದಲ್ಲಿರಲಿ. ಹಾಲು ಉಕ್ಕಿಸೋಕೆ ಕರೆಂಟ್ ಒಲೆಯನ್ನಾದರೂ ಹೊಂದಿಸಿಕೊಳ್ಳಿ.

ಕರೆಂಟ್: ಬೀಗದ ಕೈ ಕೊಡುವ ದಿನ ಮೀಟರ್ ರೀಡಿಂಗ್‌ನ ಫೋಟೊ ತೆಗೆದುಕೊಳ್ಳಿ. ಬಾಕಿ ಬಿಲ್ ಕಟ್ಟಿ ರಸೀದಿ ಇಟ್ಟುಕೊಳ್ಳಿ. ಗೃಹಜ್ಯೋತಿಗೆ ನಿಮ್ಮ ಆಧಾರ್ ಹಳೇ ಮನೆಯ ಆರ್‌ಆರ್ ನಂಬರ್ ಜತೆ ಜೋಡಣೆ ಆಗಿರುತ್ತೆ. ಸೇವಾ ಸಿಂಧುವಿನಲ್ಲಿ ಅದನ್ನು ಡಿ-ಲಿಂಕ್ ಮಾಡಿದ ಮೇಲೆಯೇ ಹೊಸ ಮನೆಯ ಮೀಟರ್‌ಗೆ ಜೋಡಿಸೋಕಾಗೋದು. ಹಳೇ ಬಿಲ್ ಒಂದನ್ನು ಎಸೆಯದೆ ಇಟ್ಟುಕೊಳ್ಳಿ. ಹೊಸ ಮನೆ ಮಾಲೀಕರ ಹತ್ತಿರವೂ ಎರಡು ಮಾತು ಕೇಳಿ: ಹಿಂದೆ ಇದ್ದವರು ಡಿ-ಲಿಂಕ್ ಮಾಡಿದ್ದಾರಾ? ಮೀಟರ್ ಮೇಲೆ ಬಾಕಿ ಇದೆಯಾ? ಬಾಕಿ ಇದ್ದರೆ ಅದರ ತಲೆನೋವು ಕೊನೆಗೆ ಆ ಮನೆಯಲ್ಲಿ ಇರುವವರಿಗೇ.

ಅಂಚೆ: ಅಂಚೆ ಕಚೇರಿಯಲ್ಲಿ ಹೊಸ ವಿಳಾಸ ಬರೆದುಕೊಟ್ಟು ಬನ್ನಿ. ಎಲ್‌ಐಸಿ ನೋಟಿಸು, ಬ್ಯಾಂಕ್ ಪತ್ರ, ಎಟಿಎಂ ಕಾರ್ಡ್ ಹಳೇ ಮನೆ ಬಾಗಿಲಿಗೆ ಬಂದು ವಾಪಸ್ ಹೋಗೋದು ತಪ್ಪುತ್ತೆ.

ಅಂಗಡಿ ಲೆಕ್ಕ: ಕಿರಾಣಿ, ಹಾಲು, ಪೇಪರ್, ಮೆಡಿಕಲ್ ಶಾಪ್‌ನ ಉದ್ರಿ ಬಾಕಿ ಎಲ್ಲ ಒಂದು ವಾರ ಮೊದಲೇ ಚುಕ್ತಾ ಮಾಡಿ. ವರ್ಷಗಟ್ಟಲೆ ನಂಬಿ ಸಾಲ ಕೊಟ್ಟ ಅಂಗಡಿಯವರು ಗಾಡಿ ಹೋದ ಮೇಲೆ ಪುಸ್ತಕ ತೆಗೆದು ನೋಡುವ ಹಾಗೆ ಆಗಬಾರದು. ಅಂಗಡಿಯವರಿಗೂ ಒಂದು ಮಾತು: ಗಿರಾಕಿ ಖಾಲಿ ರಟ್ಟಿನ ಡಬ್ಬ ಕೇಳಿಕೊಂಡು ಬಂದರೆ ಲೆಕ್ಕ ತೆಗೆದಿಡೋಕೆ ಅದೇ ಸರಿಯಾದ ಹೊತ್ತು.

ಆಮೇಲೆ ಮಾಡಿದರೂ ನಡೆಯೋದು

ರೇಷನ್‌ಗೆ ಗಾಬರಿ ಬೇಡ. ರಾಜ್ಯದ ಯಾವುದೇ ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ಕೊಟ್ಟು ಅಕ್ಕಿ ಪಡೆಯಬಹುದು. ಕಾರ್ಡಿನ ವಿಳಾಸ ನಿಧಾನಕ್ಕೆ ಬದಲಿಸಿಕೊಳ್ಳಿ. ಆಧಾರ್ ವಿಳಾಸವನ್ನು ಆನ್‌ಲೈನ್‌ನಲ್ಲೇ ದಾಖಲೆ ಹಾಕಿ ಬದಲಿಸಬಹುದು, ಮೊಬೈಲ್ ನಂಬರ್ ಲಿಂಕ್ ಆಗಿರಬೇಕು ಅಷ್ಟೇ. ವೋಟರ್ ಲಿಸ್ಟ್‌ಗೆ ನಮೂನೆ 8 ಸಾಕು. ಬೇರೆ ಕ್ಷೇತ್ರಕ್ಕೆ ಹೋದರೂ ಅದೇ ಅರ್ಜಿ. ಚುನಾವಣೆ ಘೋಷಣೆ ಆಗುವ ತನಕ ಕಾಯಬೇಡಿ.

ಮನೆಯಲ್ಲಿ ಗರ್ಭಿಣಿ ಅಥವಾ ಚಿಕ್ಕ ಮಗು ಇದ್ದರೆ ತಾಯಿ ಕಾರ್ಡ್ ಕೈಯಲ್ಲೇ ಇರಲಿ. ಹೊಸ ಏರಿಯಾದ ಆಶಾ ಕಾರ್ಯಕರ್ತೆಗೆ ಅದನ್ನು ತೋರಿಸಿದರೆ ಮುಂದಿನ ಲಸಿಕೆ ಯಾವಾಗ ಅನ್ನೋದು ತಪ್ಪಲ್ಲ.

ಮನೆ ಜತೆ ಅಂಗಡಿಯೂ ಬದಲಾಗುತ್ತಿದ್ದರೆ ಮಾತ್ರ ತಡ ಮಾಡಬೇಡಿ. ಜಿಎಸ್‌ಟಿ ನೋಂದಣಿ ಇದ್ದವರು ಜಾಗ ಬದಲಾದ 15 ದಿನದೊಳಗೆ ತಿದ್ದುಪಡಿಗೆ ಅರ್ಜಿ ಹಾಕಬೇಕು. ಉದ್ದಿಮೆ ಪರವಾನಗಿಯನ್ನು ಹೊಸ ಜಾಗದ ಪಾಲಿಕೆ, ಪುರಸಭೆ ಅಥವಾ ಪಂಚಾಯಿತಿಯಿಂದ ಪಡೆಯಬೇಕು.

ಗಾಡಿ ಮಾತಾಡುವಾಗ

ಟಾಟಾ ಏಸ್ ಥರದ ಸಣ್ಣ ಗಾಡಿಗೆ ಹಿಡಿಸೋದು ಮುಕ್ಕಾಲು ಟನ್ ಆಸುಪಾಸು. ಒಂದು ಬೆಡ್‌ರೂಂ ಮನೆಯ ಸಾಮಾನು ಒತ್ತೊತ್ತಾಗಿ ಹೋಗುತ್ತೆ. ಮಂಚ, ಬೀರು, ಹಂಡೆ, ಅಟ್ಟದ ಸಾಮಾನು ಎಲ್ಲ ಇದ್ದರೆ 407 ಅಥವಾ ಕ್ಯಾಂಟರ್ ಬೇಕು. ಎರಡು ಟ್ರಿಪ್ ಹೊಡೆಸಿ ಆಮೇಲೆ ಲೆಕ್ಕ ಹಾಕಿದರೆ ದೊಡ್ಡ ಗಾಡಿಯೇ ಅಗ್ಗ ಅನಿಸುತ್ತೆ. ಬಾಡಿಗೆ ಮಾತಾಡುವಾಗ ಹಮಾಲಿ ಸೇರಿದೆಯಾ, ಕಾಯುವ ಹೊತ್ತಿಗೆ ಬೇರೆ ದುಡ್ಡಾ, ಮೇಲಿನ ಮಹಡಿಗೆ ಹೊತ್ತು ಹಾಕುತ್ತಾರಾ ಅಂತ ಬಾಯಿಬಿಟ್ಟು ಕೇಳಿ. ಗಾಡಿ ಹೊಸ ಮನೆ ಬಾಗಿಲ ತನಕ ಹೋಗುತ್ತಾ ಅಂತ ಓಣಿಯನ್ನೂ ಒಮ್ಮೆ ನೋಡಿಕೊಂಡು ಬನ್ನಿ.

ಕಟ್ಟುವಾಗ ಭಾರದ್ದು ಸಣ್ಣ ಡಬ್ಬಕ್ಕೆ, ಹಗುರದ್ದು ದೊಡ್ಡ ಡಬ್ಬಕ್ಕೆ. ದೊಡ್ಡ ಡಬ್ಬಕ್ಕೆ ಪುಸ್ತಕ ತುಂಬಿದರೆ ಎತ್ತುವಾಗ ತಳ ಕಳಚುತ್ತೆ. ಗಾಜಿನ ಸಾಮಾನಿಗೆ ಹಳೇ ಸೀರೆ, ಬೆಡ್‌ಶೀಟ್ ಸುತ್ತಿ. ಬಟ್ಟೆಗೆ ಅಕ್ಕಿ ಚೀಲ ಸಾಕು. ಪ್ರತಿ ಡಬ್ಬಕ್ಕೂ ನಂಬರ್ ಬರೆದು, ಒಳಗೆ ಏನಿದೆ ಅಂತ ಒಂದು ನೋಟ್‌ಬುಕ್ಕಲ್ಲಿ ಬರೆದಿಡಿ. ಇಳಿಸುವಾಗ ನಂಬರ್ ಎಣಿಸಿಕೊಂಡರಾಯ್ತು.

ಫ್ರಿಜ್ಜನ್ನು ಹಿಂದಿನ ದಿನವೇ ಆಫ್ ಮಾಡಿ ಒರೆಸಿ ಒಣಗಿಸಿ. ನಿಲ್ಲಿಸಿಯೇ ಸಾಗಿಸಿ, ಇಳಿಸಿದ ಕೂಡಲೇ ಆನ್ ಮಾಡದೆ ಕೆಲವು ಗಂಟೆ ಬಿಡಿ. ಯುಪಿಎಸ್ ಬ್ಯಾಟರಿಯೂ ನೆಟ್ಟಗೇ ಇರಬೇಕು. ವಾಲಿದರೆ ಆಸಿಡ್ ಚೆಲ್ಲಿ ಪಕ್ಕದ ಹಾಸಿಗೆ, ಬಟ್ಟೆ ಹಾಳಾಗುತ್ತೆ.

ಒಂದು ಚೀಲ ಮಾತ್ರ ಗಾಡಿಗೆ ಹಾಕಬೇಡಿ. ಒಡವೆ, ಮನೆ ಪತ್ರ, ಆಧಾರ್, ಟಿಸಿ, ಗ್ಯಾಸ್ ಚೀಟಿ, ಮಾತ್ರೆ, ಮೊಬೈಲ್ ಚಾರ್ಜರ್ ಅದರಲ್ಲಿರಲಿ. ಆ ಚೀಲ ಮನೆಯವರ ಹೆಗಲ ಮೇಲೆಯೇ ಬರಬೇಕು. ದೀಪ, ಬೆಂಕಿಪೊಟ್ಟಣ, ಹಾಲಿನ ಪಾತ್ರೆ, ಪೊರಕೆ, ಒಂದು ಬಲ್ಬು ಇರುವ ಡಬ್ಬವನ್ನು ಕೊನೆಗೆ ಹತ್ತಿಸಿ. ಆಗ ಅದೇ ಮೊದಲು ಇಳಿಯುತ್ತೆ.

ಬೀಗದ ಕೈ ಕೊಡುವಾಗ

ಗಾಡಿ ಹೊರಟ ಮೇಲೆ ಖಾಲಿ ಮನೆಯಲ್ಲಿ ಒಂದು ಸುತ್ತು ಹಾಕಿ. ಅಟ್ಟ, ಬಚ್ಚಲು, ಬಾಗಿಲ ಹಿಂದಿನ ಮೊಳೆ ಎಲ್ಲ ನೋಡಿ. ಗೋಡೆ, ನಲ್ಲಿ, ಸ್ವಿಚ್ ಬೋರ್ಡ್‌ಗಳ ಫೋಟೊ ತೆಗೆದಿಡಿ. ಮಾಲೀಕರ ಎದುರಲ್ಲೇ ಅಡ್ವಾನ್ಸ್ ಲೆಕ್ಕ ಮಾಡಿ. ಏನು ಹಿಡಿದರು, ಎಷ್ಟು ಉಳಿಯಿತು, ಯಾವತ್ತು ಕೊಡುತ್ತಾರೆ ಅಂತ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಅಷ್ಟಾದ ಮೇಲೆಯೇ ಬೀಗದ ಕೈ ಕೊಡಿ. ಹಾಗೆ ಹೊರಟರೆ ಮುಂದೆ ಹಳೇ ಊರಿಗೆ ಬರೋದು ನೆಂಟರ ಮನೆಗೆ, ಜಾತ್ರೆಗೆ ಮಾತ್ರ. ಚೀಟಿ ಹಿಡಿದು ಅಲೆಯೋಕಲ್ಲ.