ಇಂಜೆಕ್ಷನ್ ಪಂಪ್ ಬಿಚ್ಚುವ ಮೊದಲು ಟ್ಯಾಂಕಿಯ ಮುಚ್ಚಳ ನೋಡಿ

ಫೆಬ್ರವರಿ ಕೊನೆ, ಮಾರ್ಚ್ ಮೊದಲು ಎಂದರೆ ರೋಬಸ್ಟಾ ಬೆಳೆಗಾರರಿಗೆ ನಿದ್ದೆಯಿಲ್ಲದ ಕಾಲ. ಹೂಮಳೆಯನ್ನೇ ನಂಬಿ ಕೂರಲಾಗದೆ ಕೆರೆಯ ದಂಡೆಗೆ ಟ್ರ್ಯಾಕ್ಟರ್ ಇಳಿಸಿ, ಪಂಪ್ ಜೋಡಿಸಿ ಸ್ಪ್ರಿಂಕ್ಲರ್ ಹಾಯಿಸುತ್ತೇವೆ. ಒಂದರಿಂದ ಒಂದೂವರೆ ಇಂಚು ನೀರು ಒಮ್ಮೆಗೇ ಸಿಕ್ಕರೆ ಮೊಗ್ಗು ಚೆನ್ನಾಗಿ ಅರಳುತ್ತದೆ. ಅರೆಬರೆ ನೆನೆದರೆ ಆ ವರ್ಷದ ಫಸಲಿಗೇ ಪೆಟ್ಟು. ತಿಂಗಳುಗಟ್ಟಲೆ ಕೊಟ್ಟಿಗೆಯಲ್ಲಿ ನಿಂತ ಹಳೆಯ ಡೀಸೆಲ್ ಇಂಜಿನ್ ಕೈಕೊಡುವುದೂ ಇದೇ ದಿನಗಳಲ್ಲಿ.

ಕೆಲವು ವರ್ಷಗಳ ಹಿಂದೆ ನಮಗೂ ಹೀಗೇ ಆಯಿತು. ಇಂಜಿನ್ ಇಪ್ಪತ್ತು ನಿಮಿಷ ಓಡುವುದು, ಬಲಗುಂದಿ ನಿಲ್ಲುವುದು, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಓಡುವುದು. ಇಂಜೆಕ್ಷನ್ ಪಂಪ್ ಹೋಯಿತೆಂದು ನಾವೇ ತೀರ್ಮಾನಿಸಿ, ಅದನ್ನು ಬಿಚ್ಚಿಸಿ ಪಟ್ಟಣಕ್ಕೆ ಕಳುಹಿಸಿದೆವು. ನಾಲ್ಕು ದಿನ ಬಿಟ್ಟು ದೋಷವೇನೂ ಇಲ್ಲವೆಂದು ಪಂಪ್ ಹಿಂದಿರುಗಿತು. ಕೂರಿಸಿದರೆ ಮತ್ತದೇ ಕಥೆ. ಕೊನೆಗೆ ಡೀಸೆಲ್ ಎಷ್ಟಿದೆಯೆಂದು ನೋಡಲು ಟ್ಯಾಂಕಿಯ ಮುಚ್ಚಳ ತಿರುಗಿಸಿದಾಗ ‘ಸುಸ್’ ಎಂದು ಗಾಳಿ ಒಳಗೆಳೆಯಿತು. ಮುಚ್ಚಳದ ಗಾಳಿತೂತಿಗೆ ಕಣಜ ಮಣ್ಣು ಮೆತ್ತಿತ್ತು! ತಂತಿಯ ತುಂಡೊಂದರಲ್ಲಿ ಮುಗಿಯುವ ಕೆಲಸಕ್ಕೆ ನಾಲ್ಕು ದಿನ ಹೋದವು. ಕೆಳಗಿನ ತಾಕಿನ ಹೂವೂ ಹೋಯಿತು.

ಅಂದು ಕಲಿತದ್ದು ಇಷ್ಟೇ: ಡೀಸೆಲ್ ಹರಿಯುವ ದಾರಿಯಲ್ಲೇ ನಾವೂ ನಡೆಯಬೇಕು. ಟ್ಯಾಂಕಿಯಲ್ಲಿ ಹೊರಟು ನಾಜಲ್‌ನಲ್ಲಿ ಮುಗಿಸಬೇಕು. ಅಡಿಕೆ ತೋಟದ ಪಂಪ್‌ಸೆಟ್ಟಿಗೂ ಇದೇ ಮಾತು.

ಹೊಗೆ ನೋಡಿ: ಸ್ಟಾರ್ಟ್ ಆಗದಿದ್ದಾಗ ಸೆಲ್ಫ್ ಹೊಡೆಸಿ ಸೈಲೆನ್ಸರ್ ಗಮನಿಸಿ. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ಒಳಗೆ ತಲುಪುತ್ತಿಲ್ಲ. ಬಿಳಿ ಹೊಗೆ ಬಂದರೆ ಡೀಸೆಲ್ ತಲುಪಿದೆ, ಉರಿಯುತ್ತಿಲ್ಲ. ಲೋಡ್ ಬಿದ್ದಾಗ ಕಪ್ಪು ಹೊಗೆ ಉಗುಳಿದರೆ ಡೀಸೆಲ್ ಕೊರತೆಯಲ್ಲ. ಏರ್ ಫಿಲ್ಟರ್ ಅಥವಾ ನಾಜಲ್ ಕಡೆ ನೋಡಬೇಕು.

ಟ್ಯಾಂಕಿ: ಮುಚ್ಚಳ ಸಡಿಲಿಸಿ ಓಡಿಸಿ. ಇಂಜಿನ್ ನಿಲ್ಲದೆ ಓಡಿದರೆ ರೋಗ ಸಿಕ್ಕಿತು. ಇಲ್ಲವಾದರೆ ಇಂಜಿನ್ ನಿಲ್ಲಿಸಿ, ಫೀಡ್ ಪಂಪ್‌ಗೆ ಬರುವ ಪೈಪ್ ಕಳಚಿ ಡಬ್ಬಿಗೆ ಹಿಡಿಯಿರಿ. ಟ್ಯಾಂಕಿ ಮೇಲಿರುವ ಇಂಜಿನ್‌ಗಳಲ್ಲಿ ಡೀಸೆಲ್ ಒಂದೇ ಸಮನೆ ಧಾರೆಯಾಗಿ ಬೀಳಬೇಕು. ತೊಟ್ಟಿಕ್ಕಿದರೆ ನಲ್ಲಿಯಲ್ಲೋ ತಳದಲ್ಲೋ ಕಸ ಕಟ್ಟಿದೆ.

ಫಿಲ್ಟರ್: ತಳದಲ್ಲಿ ನೀರು ನಿಂತಿದ್ದರೆ ಬಸಿಯಿರಿ. ಕಪ್ಪು ಲೋಳೆ ಕಂಡರೆ ಟ್ಯಾಂಕಿಯಲ್ಲೇ ನೀರು ಸೇರಿದೆ ಎಂದರ್ಥ; ಟ್ಯಾಂಕಿ ತೊಳೆಯದೆ ಫಿಲ್ಟರ್ ಮಾತ್ರ ಬದಲಿಸಿ ಫಲವಿಲ್ಲ. ಕಾಗದದ ಫಿಲ್ಟರನ್ನು ತೊಳೆದು ಮತ್ತೆ ಹಾಕಕೂಡದು. ಫೀಡ್ ಪಂಪ್‌ನ ಪುಟ್ಟ ಜಾಲರಿಯನ್ನು ಮರೆಯುವವರೇ ಹೆಚ್ಚು.

ಗಾಳಿ: ಫೀಡ್ ಪಂಪ್ ದಾಟಿದ ಮೇಲೆ ಪೈಪ್ ಸಡಿಲವಿದ್ದರೆ ಡೀಸೆಲ್ ಸೋರಿ ಕಣ್ಣಿಗೆ ಕಾಣುತ್ತದೆ. ಅದಕ್ಕಿಂತ ಹಿಂದೆ ಸಡಿಲವಿದ್ದರೆ ಹನಿಯೂ ಸೋರದೆ ಗಾಳಿ ಒಳಸೇರಬಹುದು. ಗಟ್ಟಿಯಾಗಿ ಬಿರಿದ ರಬ್ಬರ್ ಪೈಪ್, ಸವೆದ ತಾಮ್ರದ ವಾಷರ್ ಇವೇ ಕಳ್ಳದಾರಿಗಳು. ಏರ್ ತೆಗೆಯುವಾಗ ಮೊದಲು ಫಿಲ್ಟರ್ ಸ್ಕ್ರೂ, ನಂತರ ಇಂಜೆಕ್ಷನ್ ಪಂಪ್ ಸ್ಕ್ರೂ, ಕೊನೆಗೆ ನಾಜಲ್ ನಟ್. ಎಷ್ಟು ಒತ್ತಿದರೂ ಗುಳ್ಳೆ ನಿಲ್ಲದಿದ್ದರೆ ಎಲ್ಲೋ ತೂತಿದೆ.

ನಾಜಲ್: ಇಂಜಿನ್ ನಿಧಾನವಾಗಿ ಓಡುತ್ತಿರುವಾಗ ಒಂದೊಂದೇ ನಾಜಲ್ ಪೈಪ್‌ನ ನಟ್ಟನ್ನು ಪಂಪ್ ಕಡೆಯ ತುದಿಯಲ್ಲಿ ಬಟ್ಟೆ ಮುಚ್ಚಿ ಸಡಿಲಿಸಿ, ಮತ್ತೆ ಬಿಗಿಯಿರಿ. ಯಾವುದನ್ನು ಸಡಿಲಿಸಿದಾಗ ಸದ್ದು ಬದಲಾಗುವುದಿಲ್ಲವೋ ಆ ಸಿಲಿಂಡರ್ ಕೆಲಸ ಮಾಡುತ್ತಿಲ್ಲ. ಕೈ, ಮುಖ ದೂರವಿರಲಿ. ನಾಜಲ್ ಚಿಮ್ಮುವ ಡೀಸೆಲ್ ಚರ್ಮ ಸೀಳಿ ಒಳಹೋಗುತ್ತದೆ. ಗಾಯ ಸೂಜಿಮೊನೆಯಷ್ಟೇ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗತಕ್ಕದ್ದು.

ಇಷ್ಟೆಲ್ಲ ಸರಿಯಿದ್ದೂ ಇಂಜಿನ್ ಓಡದಿದ್ದರೆ ಮಾತ್ರ ಇಂಜೆಕ್ಷನ್ ಪಂಪ್ ಮೇಲೆ ಅನುಮಾನ ಪಡಬಹುದು. 1951ರಲ್ಲಿ ಆರಂಭವಾದ ಮೈಕೋದ ಪಂಪ್‌ಗಳು ನಮ್ಮ ಅನೇಕ ಹಳೆಯ ಇಂಜಿನ್‌ಗಳಲ್ಲಿ ಈಗಲೂ ಇವೆ. ಇಂಥ ಪಂಪ್‌ನ ಒಳಗಿನ ಪ್ಲಂಜರ್‌ಗೂ ಅದರ ಕೊಳವೆಗೂ ನಡುವಿನ ಸಂದು ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಪಾಲು. ಒಂದು ಕಣ ಮರಳು ಸಾಕು ಕೆಡಿಸಲು. ಆದ್ದರಿಂದ ಸೀಲ್ ಒಡೆದು ತೋಟದಲ್ಲೇ ರಿಪೇರಿಗೆ ಕೂರಬೇಡಿ. ಟೆಸ್ಟ್ ಬೆಂಚ್ ಇರುವ ಕಡೆಗೇ ಒಯ್ಯಿರಿ.

ಕೊನೆಯದಾಗಿ ಎರಡು ಮಾತು. ಸಂಜೆ ಕೆಲಸ ಮುಗಿದ ಮೇಲೆ ಟ್ಯಾಂಕಿ ತುಂಬಿಸಿಡಿ. ಖಾಲಿ ಟ್ಯಾಂಕಿಯೊಳಗೆ ರಾತ್ರಿಯ ತಂಪಿಗೆ ನೀರು ಹನಿಗಟ್ಟುತ್ತದೆ. ಮತ್ತು ಕೊಯ್ಲಿನ ಗಡಿಬಿಡಿ ಎಷ್ಟೇ ಇರಲಿ, ಜನವರಿಯಲ್ಲೇ ಒಂದು ದಿನ ಪೈಪ್ ಜೋಡಿಸಿ ಎರಡು ಗಂಟೆ ನೀರೆತ್ತಿಸಿ ನೋಡಿ. ಐದು ನಿಮಿಷ ಸುಮ್ಮನೆ ಓಡಿಸಿದರೆ ನಮ್ಮ ಇಂಜಿನ್ನಿನಂಥ ರೋಗ ಹೊರಬೀಳದು. ಅಂದು ಸಿಕ್ಕ ದೋಷಕ್ಕೆ ಒಂದು ವಾಷರ್ ಸಾಕಾಗಬಹುದು. ಮಾರ್ಚ್‌ನಲ್ಲಿ ಸಿಕ್ಕರೆ ಅದಕ್ಕೆ ಹೂವಿನಲ್ಲೇ ಬೆಲೆ ತೆರಬೇಕು.