ಹಸುವಿಗೆ ವಿಮೆ ಉಂಟು, ಹಾಲು ಹಿಂಡುವ ಕೈಗೆ?



ಒಳ್ಳೆಯ ತಳಿಯ ಹಸುವನ್ನು ಮನೆಗೆ ತಂದರೆ ಅದರ ಕಿವಿಗೆ ಓಲೆ ಹಾಕಿಸಿ ವಿಮೆ ಮಾಡಿಸಬೇಕೆಂಬ ತಿಳಿವಳಿಕೆ ಇಂದು ನಮ್ಮ ಹಳ್ಳಿಗಳಲ್ಲಿ ಬಂದಿದೆ. ಇದು ಸಂತೋಷದ ಸಂಗತಿ. ಆದರೆ ಬೆಳಗಿನ ಜಾವ ಎದ್ದು ಮೇವು ಹಾಕಿ, ಸೆಗಣಿ ಬಾಚಿ, ಹಾಲು ಹಿಂಡಿ ಡೇರಿಗೆ ಹಾಕುವ ಮನುಷ್ಯನ ಜೀವಕ್ಕೆ ವಿಮೆ ಇದೆಯೇ ಎಂದು ಕೇಳಿದರೆ ಬಹುಪಾಲು ಮನೆಗಳಲ್ಲಿ ಉತ್ತರ ಸಿಗುವುದಿಲ್ಲ.

ದುಡಿಯುವ ವ್ಯಕ್ತಿ ಅಕಸ್ಮಾತ್ ತೀರಿಕೊಂಡರೆ ಏನಾಗುತ್ತದೆ ಎಂಬುದು ನಿಮಗೆ ತಿಳಿಯದ್ದೇನಲ್ಲ. ಮಣ್ಣು ಮಾಡುವ ಖರ್ಚು, ದಿನಕರ್ಮದ ಖರ್ಚು, ಹಳೆಯ ಕೈಗಡ, ಬ್ಯಾಂಕಿನ ಸಾಲ ಎಲ್ಲವೂ ಒಟ್ಟಿಗೆ ಎದುರು ನಿಲ್ಲುತ್ತವೆ. ತಿಂಗಳು ಕಳೆಯುವುದರೊಳಗೆ ಕೊಟ್ಟಿಗೆಯ ಹಸು ಸಂತೆಗೆ ಹೋಗುತ್ತದೆ. ಹಸು ಹೋದರೆ ಹಾಲಿನ ಬಟವಾಡೆ ನಿಂತಿತು. ಬಟವಾಡೆ ನಿಂತರೆ ಮಕ್ಕಳ ಓದು ನಿಂತಿತು. ಹೀಗೆ ಒಂದು ಸಾವಿನಿಂದ ಇಡೀ ಮನೆಯ ದುಡಿಮೆಯೇ ಮುರಿದು ಬೀಳುತ್ತದೆ. ಇದನ್ನು ತಡೆಯಲು ಸಂಘದ ಸದಸ್ಯರೇ ಸೇರಿ ಏನು ಮಾಡಬಹುದು, ಬೇರೆಯವರು ಏನು ಮಾಡಿದ್ದಾರೆ, ಎಲ್ಲಿ ಎಡವಿದ್ದಾರೆ ಎಂಬುದನ್ನು ಈ ಲೇಖನದಲ್ಲಿ ತಿಳಿದುಕೊಳ್ಳೋಣ.

ಮುಯ್ಯಾಳಿನಿಂದ ಕಲಿತ ಪಾಠ

ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಯಲ್ಲಿರುವ ಕಡ್ಡಿರಾಂಪುರದಂಥ ಊರನ್ನೇ ನೋಡಿ. ಈ ಭಾಗದ ಗದ್ದೆ ತೋಟಗಳಿಗೆ ವಿಜಯನಗರದ ಅರಸರ ಕಾಲದ ಕಾಲುವೆಗಳಿಂದ ಇಂದಿಗೂ ನೀರು ಹರಿಯುತ್ತದೆ. ಇಷ್ಟು ವರ್ಷ ಕಾಲುವೆ ಹೇಗೆ ಉಳಿಯಿತು? ನೀರು ಬಳಸುವವರು ಹೂಳು ತೆಗೆದದ್ದರಿಂದ, ಒಡೆದ ಕಡೆ ಏರಿ ಕಟ್ಟಿದ್ದರಿಂದ. ತಲೆಯ ಹೊಲದವನು ‘ನನಗೆ ನೀರು ಬರುತ್ತಿದೆ, ನನಗೇಕೆ ಹೂಳಿನ ಚಿಂತೆ’ ಎಂದಿದ್ದರೆ ಕಾಲುವೆ ಎಂದೋ ಮುಚ್ಚಿಹೋಗುತ್ತಿತ್ತು.

ನಾಟಿಗೆ, ಕಟಾವಿಗೆ ನಾವು ಮುಯ್ಯಾಳು ಹೋಗುವುದೂ ಇದೇ ಲೆಕ್ಕ. ಇಂದು ನಾನು ನಿನ್ನ ಹೊಲಕ್ಕೆ, ನಾಳೆ ನೀನು ನನ್ನ ಹೊಲಕ್ಕೆ. ಪರಸ್ಪರ ಸಹಾಯದ ವಿಮೆ ಎಂದರೆ ಇದೇ ಮುಯ್ಯಿಯನ್ನು ಹಣದ ರೂಪದಲ್ಲಿ, ಬರೆದ ನಿಯಮದ ಪ್ರಕಾರ ನಡೆಸುವುದು. ಇಲ್ಲಿ ಹಣ ಹಾಕುವವರೂ ಸದಸ್ಯರೇ, ಸಹಾಯ ಪಡೆಯುವವರೂ ಸದಸ್ಯರ ಕುಟುಂಬದವರೇ. ಹೊರಗಿನ ಷೇರುದಾರರಿಗೆ ಲಾಭ ಹಂಚಬೇಕಾಗಿಲ್ಲ. ಮಿಕ್ಕ ಹಣ ನಿಧಿಯಲ್ಲೇ ಉಳಿಯುತ್ತದೆ. ಇಲ್ಲವೇ ವಿದ್ಯಾರ್ಥಿ ವೇತನ, ವೈದ್ಯಕೀಯ ನೆರವು ಮುಂತಾದ ರೂಪದಲ್ಲಿ ಸದಸ್ಯರಿಗೇ ಮರಳುತ್ತದೆ.

ಒಂದು ಡಾಲರಿನ ಸಂಘ

ಸಾಲದ ವಿಷಯದಲ್ಲಿ ಈ ದಾರಿಯನ್ನು ದೇಶಕ್ಕೆ ತೋರಿಸಿದ್ದು ನಮ್ಮ ನಾಡೇ. 1905ರಲ್ಲಿ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತು. ಸಾಹುಕಾರರ ಬಡ್ಡಿಗೆ ಸಹಕಾರವೇ ಉತ್ತರ ಎಂದು ಅದು ತೋರಿಸಿತು. ಜೀವ ವಿಮೆಯ ವಿಷಯದಲ್ಲಿ ಇಂಥ ಸಂಘಗಳು ಅಮೆರಿಕದಲ್ಲಿ ಬಹಳವಾಗಿ ಬೆಳೆದವು. ಅವುಗಳ ಕಥೆಯಲ್ಲಿ ನಮಗೊಂದು ಎಚ್ಚರಿಕೆಯ ಮಾತಿದೆ.

1868ರಲ್ಲಿ ಪೆನ್ಸಿಲ್ವೇನಿಯಾ ರಾಜ್ಯದ ಮೀಡ್‌ವಿಲ್ ಎಂಬ ಊರಿನಲ್ಲಿ ಜಾನ್ ಅಪ್‌ಚರ್ಚ್ ಎಂಬ ರೈಲ್ವೆ ಕಾರ್ಖಾನೆಯ ಕೆಲಸಗಾರ ತನ್ನ ಜೊತೆಗಾರರನ್ನು ಸೇರಿಸಿ ಒಂದು ಸೋದರ ಸಂಘ ಕಟ್ಟಿದ. ನಿಯಮ ಬಹಳ ಸುಲಭವಾಗಿತ್ತು. ಸದಸ್ಯನೊಬ್ಬ ಸತ್ತರೆ ಉಳಿದವರೆಲ್ಲ ತಲಾ ಒಂದು ಡಾಲರ್ ಹಾಕಬೇಕು, ಆ ಹಣ ಸತ್ತವನ ಕುಟುಂಬಕ್ಕೆ ಹೋಗಬೇಕು. ಬಡ ಕೆಲಸಗಾರರಿಗೆ ಇದು ದೊಡ್ಡ ಆಸರೆಯಾಯಿತು. ಇದನ್ನು ನೋಡಿ ಇಂಥ ಸಂಘಗಳು ಊರೂರಿಗೆ ಹಬ್ಬಿದವು.

ಆದರೆ ವರ್ಷಗಳು ಕಳೆದಂತೆ ತೊಂದರೆ ಶುರುವಾಯಿತು. ಸದಸ್ಯರಿಗೆ ವಯಸ್ಸಾಯಿತು, ಸಾವುಗಳು ಹೆಚ್ಚಿದವು. ವರ್ಷಕ್ಕೆ ನಾಲ್ಕೈದು ಸಲ ಡಾಲರ್ ಹಾಕುತ್ತಿದ್ದವರು ಮತ್ತೆ ಮತ್ತೆ ಹಾಕಬೇಕಾಗಿ ಬಂತು. ಯುವಕರು ‘ಮುದುಕರಿಗಾಗಿ ನಾವೇಕೆ ಕಟ್ಟಬೇಕು’ ಎಂದು ಬಿಟ್ಟುಹೋದರು. ಉಳಿದವರ ಮೇಲೆ ಭಾರ ಇನ್ನೂ ಹೆಚ್ಚಿತು. ಇಂಥ ಎಷ್ಟೋ ಸಂಘಗಳು ಮುಚ್ಚಿಹೋದವು. ಅಷ್ಟು ವರ್ಷ ಹಣ ಹಾಕಿದ ಮುಪ್ಪಿನ ಸದಸ್ಯರಿಗೆ ಬೇಕಾದ ಹೊತ್ತಿನಲ್ಲೇ ಏನೂ ಸಿಗದಂತಾಯಿತು. ವಯಸ್ಸಿಗೆ ತಕ್ಕ ಕಂತು ಗೊತ್ತುಮಾಡಿ, ಒಳ್ಳೆಯ ವರ್ಷಗಳಲ್ಲೇ ಆಪದ್ಧನ ಕೂಡಿಟ್ಟ ಸಂಘಗಳು ಮಾತ್ರ ಬದುಕಿದವು. ವಿಧವೆಯರು ಮತ್ತು ತಬ್ಬಲಿ ಮಕ್ಕಳ ನೆರವಿಗೆಂದು 1882ರಲ್ಲಿ ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್‌ನಲ್ಲಿ ಹುಟ್ಟಿದ ನೈಟ್ಸ್ ಆಫ್ ಕೊಲಂಬಸ್ ಎಂಬ ಸಂಘ ಇಂದಿಗೂ ಸದಸ್ಯರಿಗೆ ಜೀವ ವಿಮೆ ಕೊಡುತ್ತಿದೆ.

ನಮ್ಮ ದೇಶದಲ್ಲೂ 1870ರಲ್ಲಿ ಬಾಂಬೆ ಮ್ಯೂಚುಯಲ್ ಲೈಫ್ ಅಶ್ಯೂರೆನ್ಸ್ ಸೊಸೈಟಿ ಹುಟ್ಟಿತು. ಆಗ ಪರದೇಶದ ಕಂಪನಿಗಳು ಭಾರತೀಯರಿಂದ ಹೆಚ್ಚಿನ ಕಂತು ವಸೂಲು ಮಾಡುತ್ತಿದ್ದವು. ಈ ಸೊಸೈಟಿ ಭಾರತೀಯರಿಗೂ ಸಾಮಾನ್ಯ ದರದಲ್ಲೇ ವಿಮೆ ಕೊಟ್ಟಿತು. 1956ರಲ್ಲಿ ಜೀವ ವಿಮೆ ರಾಷ್ಟ್ರೀಕರಣವಾದಾಗ 154 ಭಾರತೀಯ ಕಂಪನಿಗಳು, 16 ಪರದೇಶದ ಕಂಪನಿಗಳು ಮತ್ತು 75 ಪ್ರಾವಿಡೆಂಟ್ ಸೊಸೈಟಿಗಳು ಸೇರಿ ಭಾರತೀಯ ಜೀವ ವಿಮಾ ನಿಗಮವಾಯಿತು.

ನಮ್ಮದೇ ಅನುಭವ: ಯಶಸ್ವಿನಿ

ಅಮೆರಿಕದ ಮಾತು ದೂರದ್ದಾಯಿತು ಎನ್ನುವವರು ಯಶಸ್ವಿನಿ ಯೋಜನೆಯನ್ನು ನೆನಪಿಸಿಕೊಳ್ಳಬಹುದು. ಸಹಕಾರ ಸಂಘಗಳ ಸದಸ್ಯರಿಗಾಗಿ 2002ರ ನವೆಂಬರ್‌ನಲ್ಲಿ ಉದ್ಘಾಟನೆಯಾದ ಈ ಯೋಜನೆ 2003ರ ಜೂನ್‌ನಿಂದ ಜಾರಿಗೆ ಬಂತು. ಹೃದಯ ತಜ್ಞ ಡಾ. ದೇವಿ ಶೆಟ್ಟಿಯವರ ಸಲಹೆ, ರಾಜ್ಯ ಸರ್ಕಾರದ ನೆರವು ಇದರ ಹಿಂದೆ ಇದ್ದವು. ಆರಂಭದಲ್ಲಿ ಒಬ್ಬರಿಗೆ ವರ್ಷಕ್ಕೆ 60 ರೂ., ಅಂದರೆ ತಿಂಗಳಿಗೆ 5 ರೂ. ಮಾತ್ರ. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ಹೊಲ ಮಾರಿ ಮಾಡಿಸಬೇಕಾಗಿದ್ದ ಶಸ್ತ್ರಚಿಕಿತ್ಸೆಗಳನ್ನು ರೈತರು ಗುರುತಿನ ಚೀಟಿ ತೋರಿಸಿ ಮಾಡಿಸಿಕೊಂಡರು.

ಆದರೆ 60 ರೂ. ಖರ್ಚಿಗೆ ಸಾಲದೆ ಬಂತು. 2005ರಲ್ಲಿ ಕಂತನ್ನು 120 ರೂ.ಗೆ ಏರಿಸಿದಾಗ, ಅದರ ಹಿಂದಿನ ವರ್ಷ ಸುಮಾರು 20 ಲಕ್ಷವಿದ್ದ ಸದಸ್ಯರ ಸಂಖ್ಯೆ 15 ಲಕ್ಷದೊಳಕ್ಕೆ ಇಳಿಯಿತು. ಇಂಥ ಸಮಯದಲ್ಲಿ ಬಿಡುವವರು ಯಾರು? ‘ನನಗೆ ಕಾಯಿಲೆಯಿಲ್ಲ’ ಎನ್ನುವವರು. ಉಳಿಯುವವರು ಯಾರು? ಚಿಕಿತ್ಸೆ ಬೇಕಾದವರು. ಮೀಡ್‌ವಿಲ್‌ನ ಯುವಕರ ಕಥೆಯೇ ಇಲ್ಲಿಯೂ ಇಣುಕಿದ್ದನ್ನು ಗಮನಿಸಬೇಕು. ಸರ್ಕಾರದ ನೆರವಿನಿಂದ ಯೋಜನೆ ಮುಂದುವರಿಯಿತು. 2018ರಲ್ಲಿ ಅದು ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಸೇರಿಹೋಯಿತು. ಸಹಕಾರಿಗಳ ಒತ್ತಾಯದಿಂದ 2022ರಲ್ಲಿ ಮತ್ತೆ ಪ್ರಾರಂಭವಾಯಿತು. ಆಗ ಗ್ರಾಮೀಣ ಸಂಘದ ಸದಸ್ಯರ ನಾಲ್ಕು ಜನರ ಕುಟುಂಬಕ್ಕೆ ವಾರ್ಷಿಕ 500 ರೂ. ವಂತಿಗೆ, ವರ್ಷಕ್ಕೆ 5 ಲಕ್ಷ ರೂ.ವರೆಗಿನ ಚಿಕಿತ್ಸೆ ಎಂದು ಗೊತ್ತುಪಡಿಸಲಾಯಿತು.

ಒಂದು ಮಾತು ನೆನಪಿರಲಿ. ಯಶಸ್ವಿನಿ ಆಸ್ಪತ್ರೆಯ ಖರ್ಚಿಗೆ ಮಾತ್ರ. ಸದಸ್ಯ ತೀರಿಕೊಂಡರೆ ಅದರಿಂದ ಕುಟುಂಬಕ್ಕೆ ಹಣ ಬರುವುದಿಲ್ಲ. ಆ ಕೊರತೆಯನ್ನು ತುಂಬಲೆಂದೇ ರಾಜ್ಯದ ಹಲವು ಹಾಲು ಒಕ್ಕೂಟಗಳಲ್ಲಿ ಹಾಲು ಉತ್ಪಾದಕರ ಕಲ್ಯಾಣ ಟ್ರಸ್ಟ್‌ಗಳು ಕೆಲಸ ಮಾಡುತ್ತಿವೆ.

ಲೆಕ್ಕ ಹಾಕಿ ನೋಡಿ

ಒಂದು ಸಂಘದಲ್ಲಿ 200 ಸದಸ್ಯರಿದ್ದಾರೆ ಎಂದುಕೊಳ್ಳಿ. ತಲಾ 100 ರೂ. ಹಾಕಿದರೆ ವರ್ಷಕ್ಕೆ 20,000 ರೂ. ಆಯಿತು. ಒಬ್ಬರು ತೀರಿಕೊಂಡರೆ ಅಷ್ಟನ್ನೂ ಕೊಡಬಹುದು. ಅದೇ ವರ್ಷ ನಾಲ್ವರು ತೀರಿಕೊಂಡರೆ ಒಬ್ಬೊಬ್ಬರಿಗೆ 5,000 ರೂ. ಮಾತ್ರ. ಮುಂದಿನ ವರ್ಷ ಯಾರೂ ಸಾಯದೆಯೂ ಇರಬಹುದು. ಸಣ್ಣ ಗುಂಪಿನಲ್ಲಿ ಯಾವ ವರ್ಷ ಏನಾಗುತ್ತದೆ ಎಂದು ಹೇಳಲಾಗದು.

ಈಗ ಒಕ್ಕೂಟದ ಮಟ್ಟದಲ್ಲಿ 50,000 ಸದಸ್ಯರು ಸೇರಿದರು ಎನ್ನಿ. ತಲಾ 100 ರೂ.ನಂತೆ 50 ಲಕ್ಷ ರೂ. ಆಯಿತು. ಸಾವಿರಕ್ಕೆ ನಾಲ್ವರಂತೆ 200 ಸಾವುಗಳಾದರೆ, 10 ಲಕ್ಷ ರೂ.ಗಳನ್ನು ಆಪದ್ಧನಕ್ಕೆ ತೆಗೆದಿಟ್ಟರೂ ಪ್ರತಿ ಕುಟುಂಬಕ್ಕೆ 20,000 ರೂ. ಕೊಡಬಹುದು. ಗುಂಪು ದೊಡ್ಡದಾದಷ್ಟೂ ಸಾವಿನ ಸಂಖ್ಯೆ ವರ್ಷದಿಂದ ವರ್ಷಕ್ಕೆ ಹೆಚ್ಚು ಏರುಪೇರಾಗುವುದಿಲ್ಲ. ಮೊದಲೇ ಅಂದಾಜು ಮಾಡಿ ಮಾತು ಕೊಡಬಹುದು, ಕೊಟ್ಟ ಮಾತನ್ನು ಉಳಿಸಿಕೊಳ್ಳಬಹುದು. ಹನಿ ಹನಿ ಕೂಡಿದರೆ ಹಳ್ಳ ಎಂಬ ಗಾದೆಯ ಅರ್ಥ ಇಲ್ಲಿ ಸ್ಪಷ್ಟವಾಗುತ್ತದೆ.

ಈ ಹಣವನ್ನು ಒಂದೇ ಸಲ ಕೊಡುವುದು ಕಷ್ಟವೆಂದರೆ ಹಾಲಿನ ಬಟವಾಡೆಯಲ್ಲೇ ಮುರಿದುಕೊಳ್ಳಬಹುದು. ದಿನಕ್ಕೆ 6 ಲೀಟರ್‌ನಂತೆ 300 ದಿನ ಹಾಲು ಹಾಕುವವರಿಂದ ಲೀಟರಿಗೆ 5 ಪೈಸೆ ಹಿಡಿದರೂ ವರ್ಷಕ್ಕೆ 90 ರೂ. ಆಗುತ್ತದೆ. ಆದರೆ ಇಲ್ಲಿ ಎರಡು ಪ್ರಶ್ನೆಗಳಿವೆ. ಹೆಚ್ಚು ಹಾಲು ಹಾಕುವವರು ಹೆಚ್ಚು ಕೊಟ್ಟು ಸಮನಾದ ಸಹಾಯ ಪಡೆಯಲು ಒಪ್ಪುವರೇ? ಹಸು ಬತ್ತಿ ಎರಡು ಮೂರು ತಿಂಗಳು ಹಾಲು ಹಾಕದ ಸದಸ್ಯ ಆ ಅವಧಿಯಲ್ಲೇ ತೀರಿಕೊಂಡರೆ ಸಹಾಯ ಉಂಟೇ, ಇಲ್ಲವೇ? ಇವೆರಡನ್ನೂ ಮಹಾಸಭೆಯಲ್ಲಿ ಚರ್ಚಿಸಿ, ಮೊದಲೇ ನಿಯಮ ಬರೆದಿಡಬೇಕು. ಸಾವಾದ ಮೇಲೆ ಕುಳಿತು ನಿಯಮ ಮಾಡಿದರೆ ಅಲ್ಲಿ ಜಗಳವೇ ಹೊರತು ನ್ಯಾಯ ಸಿಗದು.

ಕಾನೂನು ಏನು ಹೇಳುತ್ತದೆ?

ಹಳ್ಳಿಯ ಸಂಘವೊಂದು ತಾನೇ ‘ಜೀವ ವಿಮೆ’ ಎಂದು ಹೇಳಿ ಪಾಲಿಸಿ ಮಾರುವಂತಿಲ್ಲ. 1938ರ ವಿಮಾ ಕಾಯ್ದೆಯ ಪ್ರಕಾರ ಅದಕ್ಕೆ ನೋಂದಣಿ ಬೇಕು. ಆದುದರಿಂದ ನಮ್ಮ ಮುಂದೆ ಎರಡು ದಾರಿಗಳಿವೆ. ಒಂದು, ಟ್ರಸ್ಟ್ ಅಥವಾ ಕಲ್ಯಾಣ ನಿಧಿಯ ಮೂಲಕ ಮರಣ ಪರಿಹಾರ, ವಿದ್ಯಾರ್ಥಿ ವೇತನ ಮುಂತಾದ ಸಹಾಯಧನ ಕೊಡುವುದು. ಎರಡು, ಒಕ್ಕೂಟವೇ ಎಲ್ಲ ಸದಸ್ಯರ ಪರವಾಗಿ ವಿಮಾ ಕಂಪನಿಯಿಂದ ಗುಂಪು ವಿಮೆ ಪಡೆಯುವುದು. ಗುಂಪು ವಿಮೆಯಲ್ಲಿ ಒಂದೇ ಪಾಲಿಸಿಯಲ್ಲಿ ಸಾವಿರಾರು ಜನರ ಹೆಸರು ಸೇರುವುದರಿಂದ ತಲಾ ಕಂತು ಕಡಿಮೆ ಬೀಳುತ್ತದೆ. ಸಣ್ಣ ಸಹಾಯವನ್ನು ನಿಧಿಯಿಂದ ಕೂಡಲೇ ಕೊಟ್ಟು, ದೊಡ್ಡ ಮೊತ್ತಕ್ಕೆ ಗುಂಪು ವಿಮೆ ಮಾಡಿಸುವುದು ಜಾಣತನ.

ಇದಲ್ಲದೆ 2015ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಜೀವನ ಜ್ಯೋತಿ ಬಿಮಾ ಯೋಜನೆ ಇದೆ. ಬ್ಯಾಂಕ್ ಖಾತೆಯುಳ್ಳ 18ರಿಂದ 50 ವರ್ಷದವರು ಸೇರಬಹುದು. 2022ರ ಜೂನ್‌ನಿಂದ ಇದರ ವಾರ್ಷಿಕ ಕಂತು 436 ರೂ. ಆಗಿದ್ದು, ಯಾವ ಕಾರಣದಿಂದ ಸಾವಾದರೂ ಕುಟುಂಬಕ್ಕೆ 2 ಲಕ್ಷ ರೂ. ದೊರೆಯುತ್ತದೆ. ಆದರೆ ಸೇರಿದ ಮೊದಲ 30 ದಿನಗಳಲ್ಲಿ ಅಪಘಾತದ ಸಾವಿಗೆ ಮಾತ್ರ ಹಣ ಸಿಗುತ್ತದೆ. ವರ್ಷಕ್ಕೆ 20 ರೂ. ಕಂತಿನ ಸುರಕ್ಷಾ ಬಿಮಾ ಯೋಜನೆಯಲ್ಲಿ 18ರಿಂದ 70 ವರ್ಷದವರಿಗೆ ಅಪಘಾತ ವಿಮೆ ಉಂಟು. ಎರಡೂ ಯೋಜನೆಗಳ ವರ್ಷ ಜೂನ್ 1ಕ್ಕೆ ಶುರುವಾಗುತ್ತದೆ. ಕಂತು ಮುರಿಯುವ ಹೊತ್ತಿಗೆ ಖಾತೆಯಲ್ಲಿ ಹಣವಿಲ್ಲದಿದ್ದರೆ ವಿಮೆ ನಿಂತುಹೋಗುತ್ತದೆ. ಬಟವಾಡೆಯ ಹಣವನ್ನೆಲ್ಲ ಒಂದೇ ಸಲ ತೆಗೆಯುವ ರೂಢಿಯವರು ಮೇ ತಿಂಗಳಲ್ಲಿ ಇದನ್ನು ಮರೆಯಬಾರದು.

ಸದಸ್ಯರು ಮಾಡಬೇಕಾದ ಕೆಲಸಗಳು

1. ಸಂಘದ ಸದಸ್ಯತ್ವ ಪುಸ್ತಕದಲ್ಲಿ ನಿಮ್ಮ ನಾಮಿನಿ ಯಾರೆಂದು ಇಂದೇ ವಿಚಾರಿಸಿ. ಎಷ್ಟೋ ಕಡೆ ಮದುವೆಗೆ ಮುಂಚೆ ಬರೆಸಿದ ಹೆಸರೇ ಉಳಿದಿರುತ್ತದೆ. ಹೆಂಡತಿ ಮಕ್ಕಳು ಕಚೇರಿಯಿಂದ ಕಚೇರಿಗೆ ಅಲೆಯುವುದಕ್ಕೆ ಇದೇ ದೊಡ್ಡ ಕಾರಣ.

2. ಆಧಾರ್, ಬ್ಯಾಂಕ್ ಪಾಸ್‌ಬುಕ್ ಮತ್ತು ಸಂಘದ ಪುಸ್ತಕದಲ್ಲಿ ಹೆಸರು, ವಯಸ್ಸು ಒಂದೇ ರೀತಿ ಇರಲಿ.

3. ಹಸುವಿನ ಚಾಕರಿಯೆಲ್ಲ ಮನೆಯ ಹೆಣ್ಣುಮಗಳದು, ಸದಸ್ಯತ್ವ ಮಾತ್ರ ಯಜಮಾನನದು ಎಂಬ ಮನೆಗಳೇ ಹೆಚ್ಚು. ಆಕೆ ತೀರಿಕೊಂಡರೂ ಹಾಲು ನಿಲ್ಲುತ್ತದೆ. ಆಕೆಯ ಹೆಸರಿನಲ್ಲೂ ವಿಮೆ ಮಾಡಿಸಿರಿ.

4. ವಿಮೆಯ ಕಾಗದಗಳು ಎಲ್ಲಿವೆ ಎಂಬುದನ್ನು ಮನೆಯವರಿಗೆ ತಿಳಿಸಿರಿ. ಪಾಲಿಸಿ ಇದ್ದದ್ದೇ ಗೊತ್ತಿಲ್ಲದೆ ಹಣ ಕೇಳದೆ ಉಳಿದ ಕುಟುಂಬಗಳೂ ಉಂಟು.

5. ಮಹಾಸಭೆಗೆ ತಪ್ಪದೆ ಬನ್ನಿ. ನಿಧಿಗೆ ಎಷ್ಟು ಬಂತು, ಎಷ್ಟು ಕುಟುಂಬಗಳಿಗೆ ಹೋಯಿತು, ಆಪದ್ಧನ ಎಷ್ಟಿದೆ, ಅರ್ಜಿ ಕೊಟ್ಟ ಎಷ್ಟು ದಿನಕ್ಕೆ ಹಣ ಸಿಕ್ಕಿತು ಎಂದು ಕೇಳಿ. ಕೇಳುವುದು ನಿಮ್ಮ ಹಕ್ಕು, ಉತ್ತರ ಹೇಳುವುದು ಆಡಳಿತ ಮಂಡಳಿಯ ಕರ್ತವ್ಯ.

ಕೊನೆಯದಾಗಿ ಒಂದು ವಿನಂತಿ. ಐದು ವರ್ಷ ಕಂತು ಕಟ್ಟಿಯೂ ಏನೂ ಸಿಗಲಿಲ್ಲವೆಂದು ಬೇಸರಪಡಬೇಡಿ. ಏನೂ ಸಿಗಲಿಲ್ಲ ಎಂದರೆ ಮನೆಯವರೆಲ್ಲ ಕ್ಷೇಮವಾಗಿದ್ದಾರೆ ಎಂದೇ ಅರ್ಥ. ನೀವು ಹಾಕಿದ ಹಣ ಪಕ್ಕದ ಊರಿನ ಯಾವುದೋ ಕೊಟ್ಟಿಗೆಯ ಹಸುವನ್ನು ಸಂತೆಗೆ ಹೋಗದಂತೆ ಉಳಿಸಿದೆ. ನಾಳೆ ನಿಮ್ಮ ಮನೆಗೆ ಕಷ್ಟ ಬಂದರೆ ಆ ಊರಿನವರ ಹಣ ನಿಮ್ಮ ಹಸುವನ್ನು ಉಳಿಸುತ್ತದೆ. ನಿಮ್ಮ ಸಂಘದ ಮುಂದಿನ ಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ತನ್ನಿ. ಅದಕ್ಕೂ ಮುಂಚೆ, ನಾಳೆ ಬೆಳಗ್ಗೆ ಹಾಲು ಹಾಕಲು ಹೋದಾಗ, ನಾಮಿನಿ ಕಾಲಂನಲ್ಲಿ ಯಾರ ಹೆಸರಿದೆ ಎಂದು ಕಾರ್ಯದರ್ಶಿಯವರನ್ನು ಕೇಳಿ ನೋಡಿ.